ನಮ್ಮ ಮಕ್ಕಳಿಗೆ ಫಿಸಿಕ್ಸ್ ಬರಂಗಿಲ್ಲ ಅಂದವರು ಯಾರು?



ಮೊನ್ನೆ ಕಮಲಾಪುರದಿಂದ ನಮ್ಮ ಅಣ್ಣನ ಮಗಳು ಮನೆಗೆ ಬಂದಿದ್ಲು. ಸೆಕೆಂಡ್ ಪಿಯುಸಿ, ಸೈನ್ಸ್. ಆಕಿ ಫಿಸಿಕ್ಸ್ ರೆಕಾರ್ಡ್ ತೆಗೆದು ನೋಡಿದೆ. ಅಕ್ಷರ ಮುತ್ತಿನಂಗ, ರೀಡಿಂಗ್ ಎಲ್ಲಾ ಬರೋಬ್ಬರಿ. "ಮೀಟರ್ ಬ್ರಿಡ್ಜ್ ಹೆಂಗಿರ್ತದವ್ವ?" ಅಂತ ಕೇಳಿದೆ. "ಕಾಕಾ, ನಾ ನೋಡೇ ಇಲ್ಲ. ಬೋರ್ಡ್ ಮ್ಯಾಲ ರೀಡಿಂಗ್ ಬರದ್ರು, ಇಳಿಸಿಕೊಂಡ್ವಿ" ಅಂದ್ಲು.

ಲ್ಯಾಬಿಗೆ ಬೀಗ. ಕಾಲೇಜಿನ ಹೆಸರು ಬರೆಯಲ್ಲ, ಹುಡುಗಿ ಇನ್ನೂ ಅಲ್ಲೇ ಓದಬೇಕು.

ಅದೇ ಕಾಲೇಜಿನಲ್ಲಿ ಹಾಸ್ಟೆಲ್ ಮಕ್ಕಳಿಗೆ ಒಂದು ಮಾತು ಹೇಳ್ತಾರಂತೆ: "ನಿಮಗ ಫಿಸಿಕ್ಸ್ ಆಗಿಬರಂಗಿಲ್ಲ, ಆರ್ಟ್ಸ್ ತಗೋಬೇಕಿತ್ತು." ಈ ಮಾತು ನನಗೆ ಹೊಸದಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ನಿಂತಿದ್ದಾಗ ನನಗೂ ಇದನ್ನೇ ಹೇಳಿದ್ರು. ಬಿಎ ಮಾಡಿದೆ, ಗುಮಾಸ್ತ ಆದೆ. ಆರ್ಟ್ಸ್ ಕೀಳಲ್ಲ, ಬಾಬಾಸಾಹೇಬರು ಓದಿದ್ದು ಅರ್ಥಶಾಸ್ತ್ರ. ಆದ್ರ ಅವರು ಅದನ್ನ ತಾವೇ ಆರಿಸಿಕೊಂಡಿದ್ರು. ನನ್ನದನ್ನ ಬೇರೆಯವರು ಆರಿಸಿದ್ರು.

ಲೆಕ್ಕ ನೋಡ್ರಿ. ಪಿಯು ಫಿಸಿಕ್ಸ್ 100 ಅಂಕ: 70 ಬರವಣಿಗೆ, 30 ಪ್ರಾಕ್ಟಿಕಲ್. ಸಿಇಟಿಯಲ್ಲಿ ಫಿಸಿಕ್ಸ್ 60. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ. ಹೈಸ್ಕೂಲಿನಲ್ಲಿ ವಕ್ರೀಭವನ, ರೋಧ ಅಂತ ಕನ್ನಡದಾಗ ಓದಿದ ಮಗು ಒಮ್ಮೆಲೇ ರಿಫ್ರಾಕ್ಷನ್, ರೆಸಿಸ್ಟನ್ಸ್ ಅಂತ ಇಂಗ್ಲಿಷಿನ ಪುಸ್ತಕ ಹಿಡೀಬೇಕು. ನಡುವೆ ಸೇತುವೆ ಇಲ್ಲ. ದುಡ್ಡಿದ್ದವರ ಮಕ್ಕಳಿಗೆ ಟ್ಯೂಷನ್ ಅದ. ನಮ್ಮವರಿಗೆ "ಆಗಿಬರಂಗಿಲ್ಲ" ಅನ್ನೋ ಮಾತು ಅದ.

2025ರ ಪಿಯು ಫಲಿತಾಂಶದಲ್ಲಿ ಉಡುಪಿ ಮೊದಲು, ನಮ್ಮ ಪಕ್ಕದ ಯಾದಗಿರಿ ಕೊನೆ. ಉಡುಪಿ ಮಕ್ಕಳಿಗೆ ಮಿದುಳು ಎರಡು ಇದಾವೇನ್ರಿ? 371ಜೆ ನಮಗೆ ಸೀಟು ಮೀಸಲಿಟ್ಟದ, ಖರೆ. ಆ ಸೀಟಿನ ತನಕ ಹೋಗೋ ದಾರಿ ಪಿಯು ಲ್ಯಾಬಿನಿಂದ ಶುರುವಾಗ್ತದ.

ಮೇಘನಾದ ಸಹಾ ಗೊತ್ತಲ್ಲ? ಢಾಕಾ ಹತ್ತಿರದ ಹಳ್ಳಿಯ ಸಣ್ಣ ಅಂಗಡಿಕಾರನ ಮಗ. ಕಲ್ಕತ್ತಾ ಹಾಸ್ಟೆಲಿನಲ್ಲಿ ಮೇಲ್ಜಾತಿ ಹುಡುಗರು ಜೊತೆಗೆ ಕೂತು ಉಣ್ಣಲು ಒಪ್ಪಲಿಲ್ಲ. ಅದೇ ಮನುಷ್ಯ 1920ರಲ್ಲಿ ಕೊಟ್ಟ ಸಮೀಕರಣದಿಂದ ಜಗತ್ತು ನಕ್ಷತ್ರಗಳ ಬೆಳಕು ಓದೋದು ಕಲೀತು. ಫಸ್ಟ್ ಪಿಯು ಫಿಸಿಕ್ಸ್ ಪುಸ್ತಕದ ಮೊದಲ ಪಾಠದ ವಿಜ್ಞಾನಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಈಚೆಗೆ ಹೊರೆ ಇಳಿಸ್ತೀವಿ ಅಂತ ಎನ್‌ಸಿಇಆರ್‌ಟಿ ಆ ಪಾಠವನ್ನೇ ತೆಗೆದುಹಾಕ್ತು.

ಈಗ ನಮ್ಮ ಸರದಿ, ಸಿಟ್ಟಾಗಬ್ಯಾಡ್ರಿ. ಏಪ್ರಿಲ್ 14ಕ್ಕೆ ಜಗತ್ ಸರ್ಕಲ್‌ನಲ್ಲಿ ಬಾಬಾಸಾಹೇಬರ ಪ್ರತಿಮೆ ಮುಂದೆ ನಾವೆಲ್ಲ ಸೇರ್ತೀವಿ, ಡಿಜೆ ಹಚ್ತೀವಿ. ಒಂದು ಲ್ಯಾಬಿನ ಬೀಗ ತೆಗೀರಿ ಅಂತ ಯಾವತ್ತಾದ್ರೂ ಧರಣಿ ಕೂತೀವಾ? ನಾನೂ ಕೂತಿಲ್ಲ. ತಪ್ಪು ನನ್ನದೂ ಅದ.

ಆಫೀಸಿನಲ್ಲಿ ಫೈಲ್ ನೋಡೋನು ನಾನು. ಫೈಲ್ ಯಾವುದಕ್ಕೆ ಹೆದರ್ತದ ಅಂತ ಗೊತ್ತು. 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ ಆರ್‌ಟಿಐ ಅರ್ಜಿ. ಬಿಪಿಎಲ್ ಕಾರ್ಡ್ ಇದ್ರೆ ಅದೂ ಇಲ್ಲ. 30 ದಿನದಾಗ ಉತ್ತರ ಕೊಡಲೇಬೇಕು. ನಿಮ್ಮೂರ ಸರ್ಕಾರಿ ಪಿಯು ಕಾಲೇಜಿಗೆ ಕೇಳ್ರಿ: ಫಿಸಿಕ್ಸ್ ಉಪನ್ಯಾಸಕರ ಹುದ್ದೆ ಎಷ್ಟು, ಖಾಲಿ ಎಷ್ಟು? ಈ ವರ್ಷ ಲ್ಯಾಬ್ ಎಷ್ಟು ದಿನ ತೆರೆದಿತ್ತು?

ಕಮಲಾಪುರದ ಅರ್ಜಿ ನಾನು ಬರೆದಿಟ್ಟೀನಿ, ಸೋಮವಾರ ಹಾಕ್ತೀನಿ. ನಿಮ್ಮ ತಾಲ್ಲೂಕಿನದು ಯಾರು ಹಾಕ್ತೀರಿ? ಕೆಳಗೆ ಹೆಸರು ಬರೀರಿ.

ಜೈ ಭೀಮ್.