ಒಂದೇ ಪಾಠಕ್ಕೆ ನೂರು ಪ್ರತಿಗಳೇಕೆ?

1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರವು ಪ್ರಸಾರವನ್ನು ಆರಂಭಿಸಿತು. ರೇಡಿಯೋ ಧ್ವನಿಯನ್ನು ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ಒಬ್ಬನೇ ಕೇಳಲಿ, ಊರಿಗೆ ಊರೇ ಕೇಳಲಿ, ಪ್ರಸಾರಯಂತ್ರದ ಹೊರೆ ಲೇಶವೂ ಹೆಚ್ಚದು. ಅಂತರ್ಜಾಲದ ರೀತಿಯೇ ಬೇರೆ. ಒಂದೇ ಪಾಠವನ್ನು ಒಂದೇ ಗಳಿಗೆಯಲ್ಲಿ ನೂರು ವಿದ್ಯಾರ್ಥಿಗಳು ನೋಡಿದರೆ, ಸಾಮಾನ್ಯವಾಗಿ ಅದರ ನೂರು ಪ್ರತಿಗಳು ಒಂದೇ ತಂತಿಯಲ್ಲಿ ಹರಿದುಬರುತ್ತವೆ. ಈ ದುಂದು ಅನಿವಾರ್ಯವೆ? ಅಲ್ಲವೆಂದೇ ನಮ್ಮ ಅಭಿಪ್ರಾಯ.

ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆಯಿತ್ತ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯು ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಸೆಕೆಂಡಿಗೆ 100 ಮೆಗಾಬಿಟ್‌ಗಳ ಸಂಪರ್ಕವನ್ನು ಗುರಿಯಾಗಿಟ್ಟುಕೊಂಡಿತು. ದೃಶ್ಯಪಾಠವೊಂದಕ್ಕೆ 4 ಮೆಗಾಬಿಟ್ ಬೇಕೆಂದು ಭಾವಿಸಿದರೆ, 25 ಮಂದಿಗೆ ಆ ಸಾಮರ್ಥ್ಯವೆಲ್ಲವೂ ಮುಗಿಯಿತು. ಇಪ್ಪತ್ತಾರನೆಯವನು ಬಂದೊಡನೆ ಚಿತ್ರವು ತಡವರಿಸತೊಡಗುವುದು.

ಇದಕ್ಕೆ ಪರಿಹಾರ ಹೊಸದೇನಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವ್ ಡೀರಿಂಗ್ ಅವರು 1989ರಲ್ಲಿಯೇ ಮಲ್ಟಿಕ್ಯಾಸ್ಟ್ ಎಂಬ ವಿಧಾನದ ನಿಯಮಗಳನ್ನು ಪ್ರಕಟಿಸಿದರು. ಇದರಲ್ಲಿ ಮೂಲದಿಂದ ಒಂದೇ ಪ್ರತಿ ಹೊರಡುತ್ತದೆ. ದಾರಿಯು ಕವಲೊಡೆಯುವಲ್ಲಿ ಮಾತ್ರ ಅದರ ನಕಲಾಗುತ್ತದೆ. ಕಾಲುವೆಯ ನೀರಾದರೋ ಹಂಚಿದಷ್ಟೂ ಕಡಿಮೆಯಾಗುವುದು. ಸಂಕೇತವು ಹಂಚಿದರೂ ಕುಗ್ಗದು.

ಇಲ್ಲಿಯೂ ಒಂದು ತೊಡಕುಂಟು. ಭದ್ರತೆಗಾಗಿ ಶಾಲೆ, ಗ್ರಂಥಾಲಯ, ಕಚೇರಿಗಳನ್ನು ಒಂದೇ ತಂತಿಯ ಮೇಲೆ ಬೇರೆಬೇರೆ ಜಾಲಗಳಾಗಿ ವಿಂಗಡಿಸುವುದು ರೂಢಿ. ಇಂತಹ ಪ್ರತಿಯೊಂದು ವಿಭಾಗಕ್ಕೂ ವಿ-ಲ್ಯಾನ್ ಎಂದು ಹೆಸರು. ರೂಟರ್ ಎಂಬ ಯಂತ್ರವು ಪಾಠವನ್ನು ಕೇಳಿದ ಪ್ರತಿ ವಿ-ಲ್ಯಾನಿಗೂ ಒಂದೊಂದು ಪ್ರತಿಯನ್ನು ಕಳುಹಿಸುತ್ತದೆ. ಮೂವತ್ತು ವಿ-ಲ್ಯಾನ್‌ಗಳಿದ್ದರೆ ಮುಖ್ಯ ತಂತಿಯ ಮೇಲೆ ಮತ್ತೆ 120 ಮೆಗಾಬಿಟ್‌ಗಳ ಹೊರೆ! ಆದುದರಿಂದ ಪಾಠಕ್ಕೆಂದೇ ಪ್ರತ್ಯೇಕವಾದ ಒಂದು ಮಲ್ಟಿಕ್ಯಾಸ್ಟ್ ವಿ-ಲ್ಯಾನನ್ನು ಏರ್ಪಡಿಸತಕ್ಕದ್ದು. ಆಗ ಮುಖ್ಯ ತಂತಿಯಲ್ಲಿ 4 ಮೆಗಾಬಿಟ್ ಮಾತ್ರ ಹರಿಯುತ್ತದೆ. ಕೊನೆಯ ಸ್ವಿಚ್ಚು ಯಾರು ಯಾರು ಪಾಠವನ್ನು ಕೇಳಿರುವರೆಂಬುದನ್ನು ಗಮನಿಸಿ, ಅವರಿಗಷ್ಟೇ ನಕಲನ್ನು ಒದಗಿಸುತ್ತದೆ. ಉಳಿದ ವ್ಯವಹಾರದಲ್ಲಿ ವಿಭಾಗಗಳು ಮೊದಲಿನಂತೆಯೇ ಪ್ರತ್ಯೇಕವಾಗಿರುತ್ತವೆ.

ಈ ವಿಧಾನಕ್ಕೆ ಮಿತಿಗಳಿಲ್ಲದಿಲ್ಲ. ಒಬ್ಬೊಬ್ಬರು ಒಂದೊಂದು ವೇಳೆಯಲ್ಲಿ ನೋಡುವ ಪಾಠಕ್ಕೆ ಇದರಿಂದ ಪ್ರಯೋಜನವಿಲ್ಲ. ಸಾರ್ವಜನಿಕ ಅಂತರ್ಜಾಲವು ಸಾಮಾನ್ಯವಾಗಿ ಇದನ್ನು ಸಾಗಿಸುವುದೂ ಇಲ್ಲ. ಒಂದೇ ಆಡಳಿತಕ್ಕೆ ಒಳಪಟ್ಟ ಜಾಲವಿರಬೇಕು. ಆದರೆ ವಿಶ್ವವಿದ್ಯಾಲಯ, ಜಿಲ್ಲಾಡಳಿತಗಳ ಜಾಲಗಳು ಅಂತಹವೇ ಅಲ್ಲವೆ?

ತಂತಿಯ ಸಾಮರ್ಥ್ಯವನ್ನೇ ಹೆಚ್ಚಿಸಿದರಾಯಿತೆಂದು ಕೆಲವರು ವಾದಿಸಬಹುದು. ಹೆಚ್ಚಿಸಲಿ, ಬೇಡವೆನ್ನುವವರಾರು? ಆದರೆ ಹಣವೂ ಕಾಲವೂ ಬೇಕಾದ ಆ ಕಾರ್ಯವು ಮುಗಿಯುವ ತನಕ ಹಳ್ಳಿಯ ಬಾಲಕಿಯು ನಿಂತ ಚಿತ್ರವನ್ನು ನೋಡುತ್ತ ಕುಳಿತಿರಬೇಕೆ? ಜಾಲದ ಹೊಣೆ ಹೊತ್ತವರು ತಮ್ಮ ಸ್ವಿಚ್ಚುಗಳಲ್ಲಿ ಈ ಸೌಲಭ್ಯವಿದೆಯೇ ಎಂಬುದನ್ನು ಮೊದಲು ಪರಿಶೀಲಿಸಲಿ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ಪ್ರಯೋಗಶಾಲೆಯಲ್ಲಿ ಏರ್ಪಡಿಸಿ, ಮುಖ್ಯ ತಂತಿಯ ಹೊರೆಯನ್ನು ಮೊದಲೂ ಆಮೇಲೂ ಅಳೆದು, ಆ ಅಂಕಿಗಳನ್ನು ಅವರ ಮುಂದಿಡಲಿ.