ಟ್ರೌಟ್ ಬೇಕಾದವರು ಗಾಳ ಹೊತ್ತು ನಡೆಯಲಿ

ಜುಲೈ ಬಂತೆಂದರೆ ಬೆಂಗಳೂರಿನಿಂದ ಶ್ರೀನಗರದ ಕಡೆ ಹೊರಟ ವಿಮಾನಗಳಲ್ಲಿ ಟ್ರೆಕಿಂಗ್ ಬೂಟು ಹಾಕಿಕೊಂಡೇ ಕೂತವರು ಕಾಣಸಿಗುತ್ತಾರೆ. ಅವರಲ್ಲಿ ಎಷ್ಟೋ ಜನ ಹಿಡಿಯುವುದು ಒಂದೇ ದಾರಿ: ಸೋನಮರ್ಗದಿಂದ ಹತ್ತಿ, ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಬಲ್ ಸರೋವರಗಳನ್ನು ಹಾದು ನಾರಾನಾಗ್‌ಗೆ ಇಳಿಯುವ ಸುಮಾರು ಒಂದು ವಾರದ ನಡಿಗೆ. ಆ ಸಾಲಿನಲ್ಲಿ ನಾನೂ ಇರುತ್ತೇನೆ. ನನ್ನ ಬೆನ್ನುಚೀಲಕ್ಕೆ ಮಡಚುವ ಗಾಳದ ಕೋಲೊಂದು ಕಟ್ಟಿರುತ್ತದೆ, ಜೇಬಿನಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಚೀಟಿ. ಈ ಮಾತು ಬರೆಯುತ್ತಿರುವುದು ಮೀನು ಹಿಡಿಯಬಾರದು ಎಂದು ಹೇಳುವುದಕ್ಕಲ್ಲ. ತೀರ್ಥಹಳ್ಳಿ ಕಡೆಯ ಹಳ್ಳದ ದಂಡೆಯಲ್ಲಿ ಎರೆಹುಳು ಚುಚ್ಚುವುದನ್ನು ಕಲಿತವನು ನಾನು. ನನ್ನ ತಕರಾರು ಬೇರೆ: ಅಷ್ಟು ಎತ್ತರದ ಸರೋವರದ ಮೀನು ಗಾಳ ಹಾಕದವರ ತಟ್ಟೆಗೆ ಬರುತ್ತಿರುವುದು.

ವಿಶನ್‌ಸರ್ ಇರುವುದು ಸುಮಾರು ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ. ಅಲ್ಲಿಗೆ ಮುಟ್ಟಲು ಭೋಜಪತ್ರದ ಮರಗಳ ನಡುವೆ ಏರಿ, ನಿಚನಾಯಿ ಕಣಿವೆಯ ಕಲ್ಲುಬಯಲು ದಾಟಿ, ಅದಕ್ಕಿಂತ ಎತ್ತರದ ಕಣಿವೆಬಾಗಿಲನ್ನು ಹತ್ತಿ ಇಳಿಯಬೇಕು. ಜುಲೈನಲ್ಲೂ ಅಲ್ಲಲ್ಲಿ ಹಿಮ ಉಳಿದಿರುತ್ತದೆ. ಇಳಿದ ಮೇಲೆ ಹುಲ್ಲುಗಾವಲು, ಬಕರ್ವಾಲರ ಕುರಿಮಂದೆ, ಆಚೆ ನೀಲಿ ನೀರು. ಇದೇ ನೀರು ಮುಂದೆ ಕಿಶನ್‌ಗಂಗಾ ನದಿಯಾಗಿ ಗಡಿಯಾಚೆಗೆ ಹರಿಯುತ್ತದೆ.

ಬೆಳಿಗ್ಗೆ ಗಾಳಿ ಏಳುವ ಮೊದಲು ಟ್ರೌಟ್ ದಡಕ್ಕೆ ಬರುತ್ತದೆ. ಎರೆಹುಳುವಿನ ಗಾಳದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮಿಣುಗುವ ಸಣ್ಣ ಲೋಹದ ಸ್ಪಿನ್ನರ್ ಎಸೆದು, ನಿಧಾನವಾಗಿ ಸುತ್ತಿಕೊಳ್ಳಬೇಕು. ನೀರು ಎಷ್ಟು ತಿಳಿಯೆಂದರೆ ಮೀನು ಹಿಂಬಾಲಿಸಿ ಬಂದು, ನಿಮ್ಮ ನೆರಳು ಕಂಡು ತಿರುಗಿ ಹೋಗುವುದೂ ಕಾಣುತ್ತದೆ. ಕಚ್ಚಿದರೆ ಕೋಲು ಬಾಗುವ ಮೊದಲೇ ಕೈಗೆ ತಿಳಿಯುತ್ತದೆ. ಅಂಗೈ ಒದ್ದೆ ಮಾಡಿಕೊಂಡು ಎತ್ತಿದರೆ ಹೊನ್ನಿನ ಬಣ್ಣದ ಹೊಟ್ಟೆ, ಮೈತುಂಬ ಕಪ್ಪು ಚುಕ್ಕೆ, ನಡುನಡುವೆ ತೆಳು ಉಂಗುರದೊಳಗಿನ ಕೆಂಪು ಚುಕ್ಕೆ. ಇಷ್ಟು ಚೆಲುವಾದ ಇನ್ನೊಂದು ಸಿಹಿನೀರಿನ ಮೀನನ್ನು ನಾನು ಕಂಡಿಲ್ಲ.

ಒಮ್ಮೆ ನಮ್ಮ ಪಕ್ಕದ ಕ್ಯಾಂಪಿನಲ್ಲಿ ದೊಡ್ಡ ತಂಡವೊಂದು ಇಳಿದಿತ್ತು, ಹೆಚ್ಚಿನವರು ನಮ್ಮ ಕನ್ನಡದವರೇ. ಸಂಜೆ ಚಹಾದ ಹೊತ್ತಿಗೆ ಒಬ್ಬರು ಅಡುಗೆಯವನನ್ನು ಕೇಳಿದರು, ‘ಭಾಯ್, ರಾತ್ರಿಗೆ ಟ್ರೌಟ್ ಫ್ರೈ ಸಿಗುತ್ತಾ?’ ಆತ ‘ಸಿಗುತ್ತೆ ಸರ್’ ಎಂದ. ಸ್ವಲ್ಪ ಹೊತ್ತಿಗೆ ಇಬ್ಬರು ಹುಡುಗರು ಸರೋವರದ ನೀರು ಹೊರಹರಿಯುವ ಬಾಯಿಗೆ ಹೋಗಿ ದಾರ ಬಿಟ್ಟು ಕೂತರು. ಕತ್ತಲಾಗುವಷ್ಟರಲ್ಲಿ ಬಕೆಟ್ಟಿನಲ್ಲಿ ಮೀನು ತುಂಬಿತ್ತು, ಅರ್ಧಕ್ಕರ್ಧ ಗೇಣುದ್ದಕ್ಕಿಂತಲೂ ಸಣ್ಣವು. ಆ ಹುಡುಗರನ್ನು ನಾನು ದೂರುವುದಿಲ್ಲ. ಬೇಸಿಗೆಯ ಮೂರು ತಿಂಗಳ ದುಡಿಮೆಯಲ್ಲಿ ವರ್ಷ ದೂಡುವವರು ಗಿರಾಕಿಗೆ ಇಲ್ಲ ಎನ್ನುವುದು ಹೇಗೆ? ಕೇಳಿದವರು ನಾವು.

ಎತ್ತರದ ಸರೋವರ ಮೀನಿನ ಪಾಲಿಗೆ ಬಡ ಜಾಗ. ವರ್ಷದಲ್ಲಿ ಬಹುಕಾಲ ಮೇಲೆ ಮಂಜುಗಡ್ಡೆಯ ಹೊದಿಕೆ. ಹುಳುಹುಪ್ಪಟೆ ಹೇರಳವಾಗಿ ಸಿಗುವುದು ಬೇಸಿಗೆಯ ಕೆಲವು ವಾರ ಮಾತ್ರ, ಮೀನು ಮೈ ಹಿಡಿಯಬೇಕಾದದ್ದು ಅಷ್ಟರಲ್ಲೇ. ತಪ್ಪಲಿನ ಫಾರ್ಮಿನಲ್ಲಿ ಮೇವು ತಿಂದು ಬೆಳೆಯುವ ಟ್ರೌಟ್ ಒಂದೆರಡು ವರ್ಷದಲ್ಲಿ ಮುಟ್ಟುವ ಗಾತ್ರಕ್ಕೆ ಇಲ್ಲಿನದು ಅದಕ್ಕಿಂತ ಬಹಳ ಹೆಚ್ಚು ಕಾಲ ಕಾಯಬೇಕು.

ಜೊತೆಗೆ ಇನ್ನೊಂದು ಕಷ್ಟವಿದೆ. ಇಲ್ಲಿರುವ ಕಂದು ಟ್ರೌಟ್ ಮೊಟ್ಟೆ ಇಡಲು ಸಾಮಾನ್ಯವಾಗಿ ಹರಿವ ನೀರನ್ನೇ ಹುಡುಕುತ್ತದೆ. ಚಳಿ ಕಾಲಿಡುವಾಗ ತೊರೆಗೆ ಬಂದು, ಹೆಣ್ಣು ಬಾಲ ಬಡಿದು ಜಲ್ಲಿಕಲ್ಲಿನಲ್ಲಿ ಗುಳಿ ತೋಡುತ್ತದೆ, ಮೊಟ್ಟೆ ಇಟ್ಟು ಮತ್ತೆ ಜಲ್ಲಿ ಮುಚ್ಚುತ್ತದೆ. ಕಲ್ಲಿನ ಸಂದಿಯಲ್ಲಿ ಶುದ್ಧವಾದ ತಣ್ಣೀರು ಆಡುತ್ತಿದ್ದರೆ ಮಾತ್ರ ಮೊಟ್ಟೆ ಉಳಿದೀತು. ಡೇರೆಗಳು ಏಳುವುದು, ಪಾತ್ರೆ ತೊಳೆಯುವುದು, ಕುದುರೆಗಳು ನೀರಿಗೆ ಇಳಿಯುವುದು, ದಾರ ಬಿಟ್ಟು ಕೂರುವುದು ಎಲ್ಲವೂ ಅದೇ ತೊರೆಯ ಬಾಯಿಯಲ್ಲಿ.

ಇದಕ್ಕೆ ಗೆಳೆಯರೊಬ್ಬರು ಎತ್ತಿದ ಆಕ್ಷೇಪ ಸಣ್ಣದಲ್ಲ. ಟ್ರೌಟ್ ಕಾಶ್ಮೀರದ್ದೇ ಅಲ್ಲವಲ್ಲ, ಹೊರಗಿನ ಮೀನಿಗೆ ಇಷ್ಟೇಕೆ ಕಾಳಜಿ ಎಂದರು. ನಿಜ. 1899ರಲ್ಲಿ ಬ್ರಿಟನ್ನಿನಿಂದ ಕಳಿಸಿದ ಮೊದಲ ಕಂತಿನ ಮೊಟ್ಟೆಗಳು ದಾರಿಯಲ್ಲೇ ಸತ್ತವು. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದವು ಉಳಿದವು. ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಆ ಮರಿಗಳನ್ನು ಸಾಕಿದ, ಹಾರ್ವನ್‌ನಲ್ಲಿ ಮರಿಕೇಂದ್ರ ಎದ್ದಿತು, ಅಲ್ಲಿಂದ ಕಣಿವೆಯ ತೊರೆತೊರೆಗೂ ಟ್ರೌಟ್ ಹಬ್ಬಿತು. ಬಂದು ನೂರಿಪ್ಪತ್ತು ವರ್ಷ ದಾಟಿದೆ. ಈಗ ಅದರ ಮೇಲೆ ಪರವಾನಗಿ, ಗೈಡು, ಕಾವಲುಗಾರ ಎಂದು ಎಷ್ಟೋ ಮನೆಗಳ ಅನ್ನ ನಿಂತಿದೆ. ಇರುವಲ್ಲಿ ಅದು ಮರ್ಯಾದೆಯಿಂದ ಇರಲಿ ಎಂಬುದು ನನ್ನ ನಿಲುವು.

ಆದರೆ ಇಲ್ಲದ ಸರೋವರಕ್ಕೆ ಅದನ್ನು ಒಯ್ಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ನೆವಾಡಾ ಪರ್ವತಗಳ ಎತ್ತರದ ಸರೋವರಗಳಲ್ಲಿ ಮೊದಲು ಮೀನೇ ಇರಲಿಲ್ಲ. ಗಾಳದವರ ಖುಷಿಗಾಗಿ ಹೇಸರಗತ್ತೆಗಳ ಮೇಲೆ ಹೇರಿ, ಆಮೇಲೆ ವಿಮಾನದಿಂದ ಸುರಿದು ಟ್ರೌಟ್ ತುಂಬಿದರು. ಅಲ್ಲಿನ ಹಳದಿ ಕಾಲಿನ ಕಪ್ಪೆಯ ಗೊದಮೊಟ್ಟೆ ಕಪ್ಪೆಯಾಗಲು ಒಂದಕ್ಕಿಂತ ಹೆಚ್ಚು ವರ್ಷ ನೀರಿನಲ್ಲೇ ಇರಬೇಕು. ಟ್ರೌಟ್ ಅವನ್ನು ತಿಂದು ಮುಗಿಸಿತು. ಮೇಲಿಂದ ಶಿಲೀಂಧ್ರ ರೋಗವೂ ಬಡಿಯಿತು. 2014ರಲ್ಲಿ ಆ ಕಪ್ಪೆ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿತು. ಕೆಲವು ಸರೋವರಗಳಿಂದ ಟ್ರೌಟನ್ನು ಬಲೆ ಹಾಕಿ ಪೂರ್ತಿ ತೆಗೆದ ಮೇಲೆ ಕಪ್ಪೆಗಳು ಮತ್ತೆ ಹೆಚ್ಚಿದವು. ನಮ್ಮ ಕಾವೇರಿಯಲ್ಲೂ ಹೀಗೇ ಆಗಿದೆ: ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿದಂತೆ ಇಲ್ಲಿಯದೇ ಆದ ಗೂನುಬೆನ್ನಿನ ಮಹಶೀರ್ ಕಾಣದಾಗುತ್ತ ಬಂತು.

ಮೀನಿನ ವಿಷಯದಲ್ಲಿ ಮಲೆನಾಡಿನವರಿಗೆ ಎರಡೂ ದಾರಿ ಗೊತ್ತು. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಗದ್ದೆಯ ಕಡೆ ಏರುವ ಹತ್ತುಮೀನನ್ನು ರಾತ್ರಿಯಿಡೀ ಕಡಿದವರೂ, ಮೀನಿಗೆ ಮತ್ತೇರಲೆಂದು ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕಿದವರೂ ನಾವೇ. 1870ರ ಸುಮಾರಿಗೆ ದಕ್ಷಿಣ ಕನ್ನಡದ ಕಲೆಕ್ಟರ್ ಹೆನ್ರಿ ಸಲ್ಲಿವನ್ ಥಾಮಸ್, ತಾನೇ ದೊಡ್ಡ ಗಾಳಗಾರ, ಮರಿಮೀನುಗಳ ನಾಶ ಕಂಡು ಸರ್ಕಾರಕ್ಕೆ ವರದಿ ಬರೆದ. ಇತ್ತ ಶೃಂಗೇರಿಯಲ್ಲಿ, ಶಿಶಿಲದಲ್ಲಿ, ನಮ್ಮ ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ದೇವರ ಮೀನನ್ನು ಮುಟ್ಟದೆ ಕಾಪಾಡಿಕೊಂಡು ಬಂದವರೂ ನಾವೇ. ಹೊಳೆಯ ಒಂದು ತುಂಡಿನಲ್ಲಿ ಕೈ ಹಾಕುವುದಿಲ್ಲ ಎಂದು ಊರು ಒಪ್ಪಿಕೊಂಡರೆ ಸಾಕು, ಮೀನು ಉಳಿಯುತ್ತದೆ. ಕಾಶ್ಮೀರದಲ್ಲೂ ಇದು ಸಾಧ್ಯ: ಹರಮುಖ ಶಿಖರದ ಕೆಳಗಿನ ಗಂಗಬಲ್ ಕಾಶ್ಮೀರಿ ಪಂಡಿತರು ಹಿರಿಯರ ಅಸ್ಥಿ ಬಿಡುವ ತೀರ್ಥ. ಅಂಥ ಸರೋವರದಲ್ಲಾದರೂ ನೀರು ಒಳಬರುವ, ಹೊರಹೋಗುವ ಎರಡು ಬಾಯಿಗಳನ್ನು ಗಾಳಮುಕ್ತ ಮಾಡುವುದು ಇಲಾಖೆಗೆ ಕಷ್ಟದ ಕೆಲಸವಲ್ಲ.

ಟ್ರೌಟ್ ತಿನ್ನುವ ಆಸೆಗೆ ಕಾಶ್ಮೀರದಲ್ಲಿ ದಾರಿ ಸುಲಭ. ಕೋಕರ್‌ನಾಗ್‌ನ ಸರ್ಕಾರಿ ಫಾರ್ಮಿನಲ್ಲಿ ಕಾಮನಬಿಲ್ಲು ಟ್ರೌಟನ್ನು ಸಾಕುತ್ತಾರೆ, ಕಣಿವೆಯ ಹಲವು ರೈತರೂ ಸಾಕುತ್ತಾರೆ. ಶ್ರೀನಗರಕ್ಕೆ ಇಳಿದ ಮೇಲೆ ಹೊಟ್ಟೆತುಂಬ ತಿನ್ನಿ, ರೈತನಿಗೂ ನಾಲ್ಕು ಕಾಸು ಸಿಗಲಿ. ಹಿಡಿಯುವ ಆಸೆಯಿದ್ದರೆ ಪರವಾನಗಿ ತೆಗೆಸಿ, ನಿಮ್ಮ ಗಾಳ ನೀವೇ ಹೊತ್ತು ನಡೆಯಿರಿ, ಮುಳ್ಳಿಲ್ಲದ ಕೊಕ್ಕೆ ಕಟ್ಟಿ, ಸಣ್ಣದನ್ನು ನೀರಿನಲ್ಲೇ ಬಿಡಿಸಿ. ಬೆಂಗಳೂರಿನ ಟ್ರೆಕಿಂಗ್ ಕಂಪನಿಗಳು ಮೇಲಿನ ಕ್ಯಾಂಪುಗಳಲ್ಲಿ ಮೀನು ಬೇಯಿಸುವುದಿಲ್ಲವೆಂದು ಹೊರಡುವ ಮೊದಲೇ ಹೇಳಿಬಿಡಲಿ. ಈ ಜುಲೈಗೆ ಹೊರಟವರಲ್ಲಿ ನನ್ನ ಕೋರಿಕೆ ಇಷ್ಟೇ: ವಿಶನ್‌ಸರದ ದಡದಲ್ಲಿ ರಾತ್ರಿಯೂಟಕ್ಕೆ ದಾಲ್ ಚಾವಲ್ ಕೇಳಿ, ಟ್ರೌಟ್ ಕೇಳಬೇಡಿ.