ತೂತು ಮುಚ್ಚುವವರು ಯಾರು?

ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಫೈಲನ್ನು ಕುಗ್ಗಿಸುವುದು, ಬ್ಯಾಂಕಿನ ವ್ಯವಹಾರಕ್ಕೆ ಗೂಢಲಿಪಿ ತೊಡಿಸುವುದು, ಕನ್ನಡದ ಒತ್ತಕ್ಷರವನ್ನು ತೆರೆಯ ಮೇಲೆ ಸರಿಯಾಗಿ ಕೂರಿಸುವುದು ಇವಕ್ಕೆಲ್ಲ ಬೇರೆಯವರು ಬರೆದಿಟ್ಟ ಲೈಬ್ರರಿಗಳಿವೆ. ಬೇಕಾದ ಭಾಗವನ್ನು ಪ್ರೋಗ್ರಾಮಿನೊಳಗೇ ಹೊಲಿದುಬಿಡುವುದು ಸ್ಟ್ಯಾಟಿಕ್ ಪದ್ಧತಿ. ಇಡೀ ಕಂಪ್ಯೂಟರಿಗೆ ಒಂದೇ ಪ್ರತಿ ಇಟ್ಟು ಎಲ್ಲ ಪ್ರೋಗ್ರಾಂಗಳೂ ಅದನ್ನೇ ಬಳಸುವುದು ಶೇರ್ಡ್, ಅಂದರೆ ಹಂಚಿಕೆಯ ಪದ್ಧತಿ. ಯಾವುದು ಮೇಲು? ಎಂಜಿನಿಯರುಗಳ ಒಳಜಗಳದಂತೆ ಕಾಣುವ ಈ ಪ್ರಶ್ನೆಯಲ್ಲಿ, ಲೈಬ್ರರಿಯಲ್ಲಿ ಸುರಕ್ಷತೆಯ ತೂತು ಬಿದ್ದಾಗ ಮುಚ್ಚುವ ಹೊಣೆ ಯಾರದು ಎಂಬುದೇ ಮುಖ್ಯ. ಆ ಕಾರಣಕ್ಕೆ, ಸುರಕ್ಷತೆಯನ್ನು ಹೊತ್ತ ಕೆಲವಾದರೂ ಲೈಬ್ರರಿಗಳು ಹಂಚಿಕೆಯವೇ ಆಗಿರಬೇಕು ಎಂಬುದು ನನ್ನ ವಾದ.

ಜಗಳದ ಎರಡೂ ಪಕ್ಷಗಳು ನ್ಯೂಜೆರ್ಸಿಯ ಒಂದೇ ಮೂಲೆಯಲ್ಲಿ ಬೆಳೆದವು. ಮರ್ರೆ ಹಿಲ್‌ನ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಮೊದಲು ಶೇರ್ಡ್ ಲೈಬ್ರರಿ ಇರಲಿಲ್ಲ. 1980ರ ದಶಕದಲ್ಲಿ ಕಿಟಕಿ, ಚಿತ್ರಗಳ ತೆರೆ ಬಂದು ಪ್ರೋಗ್ರಾಂಗಳು ಉಬ್ಬಿದವು. ಮೆಮೊರಿ ಆಗ ದುಬಾರಿ. ಸನ್ ಕಂಪನಿ ಹಂಚಿಕೆಯ ದಾರಿ ಹಿಡಿಯಿತು. ಮರ್ರೆ ಹಿಲ್‌ನ ಪಕ್ಕದ ಸಮಿಟ್ ಪಟ್ಟಣದಲ್ಲಿದ್ದ ಎಟಿ&ಟಿಯ ಯುನಿಕ್ಸ್ ವಿಭಾಗವೂ ಹಿಡಿಯಿತು, ಅದು ರೂಪಿಸಿದ ಇಎಲ್‌ಎಫ್ ಎಂಬ ಪ್ರೋಗ್ರಾಂ ಫೈಲಿನ ವಿನ್ಯಾಸ ಇಂದಿಗೂ ಲಿನಕ್ಸಿನ ಬೆನ್ನೆಲುಬು. ಆದರೆ ಮರ್ರೆ ಹಿಲ್‌ನ ಸಂಶೋಧಕರು ಒಪ್ಪಲಿಲ್ಲ. ಯುನಿಕ್ಸ್ ನಂತರ ಅವರು ಕಟ್ಟಿದ ಪ್ಲಾನ್ 9ರಲ್ಲಿ ಎಲ್ಲವೂ ಸ್ಟ್ಯಾಟಿಕ್. ಅದೇ ತಂಡದ ಥಾಂಪ್ಸನ್, ರಾಬ್ ಪೈಕ್ ಮುಂದೆ ಗೂಗಲ್‌ನಲ್ಲಿ ರೂಪಿಸಿ 2009ರಲ್ಲಿ ಹೊರತಂದ ಗೋ ಭಾಷೆಯೂ ಬಹುಮಟ್ಟಿಗೆ ಅದೇ ಜಾಡಿನದು.

ಅವರ ವಾದ ಹಗುರವಾದದ್ದಲ್ಲ. ಮೆಮೊರಿ ಈಗ ಅಗ್ಗ. ಹಂಚಿಕೊಂಡ ಲೈಬ್ರರಿಯ ಹೊಸ ಆವೃತ್ತಿ ಬಂದು ಹಳೆಯ ಪ್ರೋಗ್ರಾಂ ಕೈಕೊಡುವುದನ್ನು ವಿಂಡೋಸ್ ಬಳಕೆದಾರರು ಡಿಎಲ್‌ಎಲ್ ನರಕ ಎಂದು ಕರೆದದ್ದು ಸುಮ್ಮನೆ ಅಲ್ಲ. ಆದರೆ ಮರ್ರೆ ಹಿಲ್‌ನಲ್ಲಿ ಇಡೀ ವ್ಯವಸ್ಥೆಯ ಮೂಲಕೋಡ್ ಅವರ ಕೈಯಲ್ಲೇ ಇತ್ತು. ತಪ್ಪು ಕಂಡರೆ ಎಲ್ಲವನ್ನೂ ಮತ್ತೆ ಕಟ್ಟಿದರಾಯಿತು. ಸಹಕಾರಿ ಬ್ಯಾಂಕಿನ ಗುಮಾಸ್ತನಿಗೆ, ಆಸ್ಪತ್ರೆಯ ಕೌಂಟರಿಗೆ ಆ ಅನುಕೂಲ ಎಲ್ಲಿದೆ? 2002ರಲ್ಲಿ ಝಡ್‌ಲಿಬ್ ಎಂಬ ಕುಗ್ಗಿಸುವ ಲೈಬ್ರರಿಯಲ್ಲಿ ದೋಷ ಸಿಕ್ಕಾಗ, ಅದನ್ನು ಒಳಗೆ ಹೊಲಿದುಕೊಂಡಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಹುಡುಕಿ ಮತ್ತೆ ಕಟ್ಟಬೇಕಾಯಿತು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಶೇರ್ಡ್ ಪ್ರತಿ ಬಳಸುತ್ತಿದ್ದ ಸರ್ವರುಗಳಲ್ಲಿ ಒಂದು ಪ್ಯಾಕೇಜ್ ಬದಲಿಸಿ ಸೇವೆಗಳನ್ನು ಮರುಚಾಲನೆ ಮಾಡಿದರೆ ತೂತು ಮುಚ್ಚಿತು. (ಮರುಚಾಲನೆ ಮರೆತವರಲ್ಲಿ ಹಳೆಯ ಪ್ರತಿ ಓಡುತ್ತಲೇ ಇರುತ್ತಿತ್ತು.) 2021ರ ಡಿಸೆಂಬರ್‌ನ ಲಾಗ್4ಜೆ ಎಂಬ ದಾಖಲೆ ಬರೆಯುವ ಲೈಬ್ರರಿಯ ದೋಷದ ಪ್ರಕರಣ ತಾಂತ್ರಿಕವಾಗಿ ಸ್ಟ್ಯಾಟಿಕ್ ಅಲ್ಲದಿದ್ದರೂ ಪರಿಣಾಮ ಅದೇ: ಪ್ರತಿ ಪ್ರೋಗ್ರಾಂ ತನ್ನದೇ ಪ್ರತಿಯನ್ನು ಗಂಟುಕಟ್ಟಿಕೊಂಡಿತ್ತು. ಇದರ ಬೇರು ಕೀಳಲು ಒಂದು ದಶಕವೇ ಹಿಡಿಯಬಹುದು ಎಂದು ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ 2022ರಲ್ಲಿ ಎಚ್ಚರಿಸಿತು.

ಇದಕ್ಕೆ ಎದುರಾಗಿ ಈಗ ಎಲ್ಲರೂ ತೋರಿಸುವುದು 2024ರ ಮಾರ್ಚ್‌ನ ಎಕ್ಸ್‌ಝಡ್ ಎಂಬ ಕುಗ್ಗಿಸುವ ಲೈಬ್ರರಿಯ ಪ್ರಕರಣ: ಹಂಚಿಕೆಯ ಲೈಬ್ರರಿಯಲ್ಲೇ ವಿಷ ಬೆರೆಸಿದರೆ ಎಲ್ಲರಿಗೂ ಒಮ್ಮೆಲೇ ಏರುತ್ತದೆ. ನಿಜ. ಆದರೆ ಆ ವಿಷದ ಗುರಿಯಾಗಿದ್ದ, ಸರ್ವರಿಗೆ ದೂರದಿಂದ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಸೇವೆಗೆ ಆ ಲೈಬ್ರರಿಯ ಅಗತ್ಯವೇ ಇರಲಿಲ್ಲ. ಕೆಲವು ಲಿನಕ್ಸ್ ವಿತರಕರು ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲೈಬ್ರರಿಯನ್ನು ಅದಕ್ಕೆ ತಗುಲಿಸಿದ್ದರಿಂದ, ಅದರ ಬಾಲ ಹಿಡಿದು ಇದು ಒಳಗೆ ಬಂತು. ಇದು ಬೇಡದ ನಂಟುಗಳನ್ನು ಕತ್ತರಿಸಲು ಕಾರಣ, ಹಂಚಿಕೆಯನ್ನೇ ಬಿಡಲು ಅಲ್ಲ. ಹಾಗಾಗಿ ಒಂದೇ ಪ್ರೋಗ್ರಾಂ ಬಳಸುವ ಸಣ್ಣಪುಟ್ಟ ಲೈಬ್ರರಿಗಳು ಒಳಗೇ ಇರಲಿ, ಅಲ್ಲಿ ಥಾಂಪ್ಸನ್ ಬಣದ್ದೇ ಸರಿ. ಗೂಢಲಿಪಿ, ಫೈಲು ಕುಗ್ಗಿಸುವಿಕೆ, ಚಿತ್ರ ಬಿಡಿಸುವಿಕೆಯಂಥ, ಹೊರಗಿನವರ ದತ್ತಾಂಶ ಮೊದಲು ಮುಟ್ಟುವ ಹತ್ತಾರು ಲೈಬ್ರರಿಗಳು ಮಾತ್ರ ಒಂದೇ ಕಡೆ ದುರಸ್ತಿಯಾಗುವಂತಿರಲಿ.

ಇಷ್ಟಾದರೂ ಕಂಪನಿಗಳು ಎಲ್ಲವನ್ನೂ ಕಂಟೇನರ್ ಎಂಬ ಒಂದೇ ಪೊಟ್ಟಣದಲ್ಲಿ ಗಂಟುಕಟ್ಟಿ ಕಳಿಸುವುದು ನಿಲ್ಲದು; ಅವರಿಗೆ ಅದು ಸುಲಭ. ಹಾಗಿದ್ದರೆ ಗಂಟಿನೊಳಗೇನಿದೆ ಎಂದು ಬರೆದುಕೊಡಲಿ. ಅಮೆರಿಕ ಸರ್ಕಾರ 2021ರ ಮೇ ತಿಂಗಳ ಅಧ್ಯಕ್ಷೀಯ ಆದೇಶದಲ್ಲಿ ತನಗೆ ತಂತ್ರಾಂಶ ಮಾರುವವರಿಂದ ಇಂಥ ಘಟಕಪಟ್ಟಿ ಪಡೆಯುವ ದಾರಿ ಹಾಕಿತು. ನಮ್ಮ ಸರ್ಕಾರಿ ಟೆಂಡರುಗಳೂ ಪಟ್ಟಿಯ ಜೊತೆಗೆ, ದೋಷ ಪ್ರಕಟವಾದ ಎಷ್ಟು ದಿನಗಳಲ್ಲಿ ಹೊಸ ಪ್ರತಿ ಕಟ್ಟಿಕೊಡುತ್ತೀರಿ ಎಂಬ ಬರಹದ ಒಪ್ಪಂದವನ್ನೂ ಕೇಳಬೇಕು.